ಅರ್ಧ ತಾಸು ಮೇನ್ ಬಂದ್

“ಇದನ್ನ ಹಾಕ್ಕೊಂಡು ಬೆಂಕಿ ಮುಂದ ಯಾರು ನಿಂದ್ರತಾರ್ರೀ ಸಾಹೇಬ್ರ?” ರೇನ್‌ಕೋಟ್ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತ ಹಸೀನಾಬೀ ಕೇಳಿದಳು.

“ಯಾರೂ ನಿಂದ್ರಂಗಿಲ್ಲ. ಫೋಟೋಕ್ಕಷ್ಟ,” ಎಂದ ಪಂಪಾಪತಿ.

ಪಂಪಾಪತಿ ಗೊರೇಬಾಳ ರಸ್ತೆಯ ಅಕ್ಕಿ ಮಿಲ್ಲಿನ ಮ್ಯಾನೇಜರ್. ಅಲ್ಲಿನ ಸೇಫ್ಟಿ ಆಫೀಸರೂ ಅವನೇ. ಬೇರೆಯವರನ್ನು ಇಟ್ಟುಕೊಂಡರೆ ಅವರು ನಿಜವಾಗಿಯೂ ಸೇಫ್ಟಿ ಕೇಳಿಬಿಟ್ಟಾರು ಎಂಬ ಅಂಜಿಕೆ ಮಾಲೀಕರಿಗೆ. ಕರೆಂಟಿನ ಬೋರ್ಡಿನೊಳಗೆ ಕಿಡಿ ಹಾರಿ ಮುಖಕ್ಕೆ ಬೆಂಕಿ ಉಗುಳಿದರೂ ಮೈ ಸುಡದಂಥ ಅಂಗಿ, ಪ್ಯಾಂಟು, ಗಾಜಿನ ಮುಸುಕು ಇರುವ ಒಂದು ಸೂಟನ್ನು ಮಿಲ್ಲಿಗೆ ತರಿಸಿದ್ದರು. ಆದರೆ ಬೋರ್ಡಿನ ಕೆಲಸಕ್ಕಿದ್ದವರು ಐದು ಜನ. ಉಳಿದ ನಾಲ್ಕು ಸೂಟುಗಳನ್ನು ಸಿಂಧನೂರಿನ ಹಸೀನಾಬೀ ಅದೇ ಬಣ್ಣದ ರೇನ್‌ಕೋಟ್ ಬಟ್ಟೆಯಲ್ಲಿ ಹೊಲಿಯಬೇಕಿತ್ತು. ಇನ್ಸ್‌ಪೆಕ್ಷನ್ನಿನ ಫೋಟೋದಲ್ಲಿ ಬಣ್ಣ ಬಂದರೆ ಸಾಕು, ಅಲ್ಲಿ ಬೆಂಕಿ ಎಲ್ಲಿ ಬೀಳುತ್ತದೆ.

ಮಾದರಿಗೆಂದು ತಂದಿದ್ದ ಅಸಲಿ ಸೂಟನ್ನು ಹಸೀನಾಬೀ ಎತ್ತಿ ನೋಡಿದಳು. “ಎರಡು ಕೌದಿ ತೂಕ ಐತಿ. ಯಮನೂರ ನಮ್ಮ ಓಣ್ಯಾವ್ರೀ. ಅವತ್ತು ಇಂಥಾದ್ದೊಂದು ಅವನ ಮೈಮ್ಯಾಲಿದ್ದಿದ್ರ…”

“ಹೊಲಿಗಿ ನೋಡು, ಹಸೀನಾಬೀ.”

ಯಮನೂರ ಮಿಲ್ಲಿನ ಹಳೆಯ ಎಲೆಕ್ಟ್ರಿಷಿಯನ್. ಹೋದ ವರ್ಷ ಚಾಲೂ ಬೋರ್ಡಿನಲ್ಲಿ ನಟ್ ಬಿಗಿ ಮಾಡುವಾಗ ಒಳಗಿಂದ ಬೆಂಕಿ ಹಾರಿತ್ತು. ಅವನ ಬಲಗೈ ಬೆರಳು ಈಗ ಮಡಚುವುದಿಲ್ಲ, ಎಡಗೈಯಲ್ಲಿ ಉಣ್ಣುತ್ತಾನೆ. ರಿಪೋರ್ಟಿನಲ್ಲಿ ಪಂಪಾಪತಿ ‘ಸ್ವಂತ ಅಜಾಗರೂಕತೆ’ ಎಂದು ಬರೆದಿದ್ದ. ಒಂದಕ್ಷರವೂ ತಪ್ಪಿರಲಿಲ್ಲ.

ಅವನ ಜಾಗಕ್ಕೆ ಬಂದವನು ವಳಕಮದಿನ್ನಿಯ ಆದಪ್ಪ. ಕೆಲಸವೂ ಬೇಕು, ಎರಡೂ ಕೈಯೂ ಬೇಕು ಎಂಬ ದುರಾಸೆಯ ಮನುಷ್ಯ. ಬೋರ್ಡಿನ ನಟ್ಟುಗಳು ಮತ್ತೆ ಸಡಿಲಾಗಿದ್ದವು. “ಅರ್ಧ ತಾಸು ಮೇನ್ ಬಂದ್ ಮಾಡಿ ಕೊಡ್ರೀ, ಬಿಗಿ ಮಾಡ್ತೀನಿ,” ಎಂದು ಮೂರು ಸಲ ಕೇಳಿದ್ದ.

“ಮಿಲ್ ನಿಂತ್ರ ಭತ್ತ ನಿಮ್ಮಪ್ಪ ಕುಟ್ಟತಾನೇನು? ಇನ್ಸ್‌ಪೆಕ್ಷನ್ ಮುಗೀಲಿ. ಮರುದಿನ ಚಾಲೂ ಇದ್ದಾಗಲೇ ಮಾಡು. ಒಲ್ಲೆ ಅಂದ್ರ ಗೇಟ್ ತೆರದೈತಿ,” ಎಂದಿದ್ದ ಪಂಪಾಪತಿ.

ಹೊಲಿದ ಸೂಟುಗಳನ್ನೂ ಮಾದರಿಯ ಅಸಲಿ ಸೂಟನ್ನೂ ತರಲು ಆದಪ್ಪನೇ ಹೋದ. ಗಿರಾಕಿಯ ಹೆಸರು, ಕೆಳಗೆ ಎಷ್ಟನೇ ಬಟ್ಟೆ ಎಂಬ ನಂಬರು ಬರೆದ ಹಳದಿ ಚೀಟಿಯನ್ನು ತಾನು ಹೊಲಿದ ಪ್ರತಿ ಬಟ್ಟೆಯ ಜೇಬಿನಲ್ಲಿ ಇಡುವುದು ಹಸೀನಾಬೀಯ ಮೂವತ್ತು ವರ್ಷದ ರೂಢಿ. “ಚೀಟಿ ತಗದು ಒಗದು, ಆಮ್ಯಾಲೆ ಗೂಟಕ್ಕ ಹಾಕು. ಅಸಲಿದು ನನ್ನ ಅಲ್ಮೇರಾದಾಗ ಇಡು. ಒಂದು ಉಳೀತಂದ್ರ ಮರ್ಯಾದಿ ಹೋಗತೈತಿ,” ಎಂದ ಪಂಪಾಪತಿ.

“ಆತ್ರೀ ಸಾಹೇಬ್ರ,” ಎಂದ ಆದಪ್ಪ. ಇಷ್ಟು ಬೇಗ ಅವನು ಯಾವ ಮಾತಿಗೂ ಒಪ್ಪಿದವನಲ್ಲ.

ಕಾರ್ಖಾನೆ ಇಲಾಖೆಯಿಂದ ಇನ್ಸ್‌ಪೆಕ್ಷನ್ನಿಗೆ ಬಂದ ಅಶ್ವಿನಿ ಮೇಡಂ ಚಹಾ ಒಲ್ಲೆ ಎಂದರು. ಪಂಪಾಪತಿ ಅವರನ್ನು ನೇರ ಒಳಗೆ ಕರೆದೊಯ್ದ. ಬೋರ್ಡಿನ ಕೋಣೆಯಲ್ಲಿ ತೂಗುತ್ತಿದ್ದ ನಾಲ್ಕು ಸೂಟು ತೋರಿಸಿ, “ನಂದು ಆಫೀಸಿನಾಗ ಐತ್ರೀ. ಐದೂ ಒಂದೇ ಕಂಪನಿದು,” ಎಂದ.

“ಸೇಫ್ಟಿ ಆಫೀಸರ್ ನೀವೇ ಅಲ್ಲವೇ? ಹಾಕಿಕೊಳ್ಳಿ. ಇಲ್ಲಿ ನಟ್ ಬಿಗಿ ಮಾಡುವ ಕ್ರಮವನ್ನು ಮೊದಲಿನಿಂದ ತೋರಿಸಿ,” ಎಂದರು ಮೇಡಂ.

ಪಂಪಾಪತಿ ಜಾಣ. ಅಲ್ಮೇರಾದ ಕೀಲಿ ಕೊಟ್ಟು, “ನಂದು ತಗೊಂಡು ಬಾ,” ಎಂದು ಆದಪ್ಪನಿಗೆ ಕಣ್ಣು ಮಿಟುಕಿಸಿದ. ಆದಪ್ಪ ತಂದ. ಗುಂಡಿ ಹಾಕಿ, ಮುಸುಕಿನ ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡಿದ. ಮದುಮಗನಿಗೂ ಯಾರೂ ಅಷ್ಟು ಜತನದಿಂದ ಬಟ್ಟೆ ತೊಡಿಸಿರಲಿಕ್ಕಿಲ್ಲ. ಪಂಪಾಪತಿಯ ಹೆಗಲು ಜಗ್ಗಿತು, ಬೆವರು ಧಾರೆಗಟ್ಟಿತು. ಕೈವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದ.

ಮಡಚಿದ ಹಳದಿ ಚೀಟಿ. ಮೇಲೆ ಸೊಟ್ಟ ಅಕ್ಷರದಲ್ಲಿ ‘ಪಂಪಾಪತಿ ಸಾಹೇಬ್ರು’.

ಮೇಡಂ ನೋಡುವ ಮೊದಲೇ ಒಳಗೆ ತುರುಕಿದ. ಚೀಟಿ ಇರುವುದು ಹಸೀನಾಬೀ ಹೊಲಿದದ್ದರಲ್ಲಿ, ಅಂದರೆ ಮೈಮೇಲಿರುವುದು ರೇನ್‌ಕೋಟು. ಅಸಲಿ ಸೂಟು ಗೂಟದ ಮೇಲಿನ ನಾಲ್ಕರಲ್ಲಿ ಎಲ್ಲೋ ಸೇರಿಹೋಗಿದೆ. ಯಾವುದು ಎಂದು ಕೇಳುವ ಹಾಗಿಲ್ಲ. ಐದೂ ಒಂದೇ ಎಂದು ಈಗಷ್ಟೇ ಹೇಳಿದ್ದಾನೆ. ಎದುರಿಗೆ ಬೋರ್ಡು ಗುಂಯ್‌ಗುಡುತ್ತಿತ್ತು. ಒಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಯಮನೂರನ ಬೆರಳು ನೆನಪಾದವು.

“ಆದಪ್ಪ, ಮೇನ್ ಬಂದ್ ಮಾಡು.”

“ಮಿಲ್ ನಿಂತುಬಿಡತೈತಲ್ರೀ ಸಾಹೇಬ್ರ?”

“ನಿಂದರ್ಲಿ. ಬಂದ್ ಮಾಡೋ ನಮ್ಮಪ್ಪಾ.”

ಮಿಲ್ಲು ನಿಂತಿತು. ಆದಪ್ಪ ಮೇನಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿಗಿಳಿಸಿದ, ಕರೆಂಟು ಹೋಗಿದೆಯೇ ಎಂದು ಪರೀಕ್ಷಿಸಿದ, ಅರ್ಧ ತಾಸು ನಿಶ್ಚಿಂತೆಯಿಂದ ಒಂದೊಂದೇ ನಟ್ ಬಿಗಿ ಮಾಡಿದ. ಒಂದು ನಟ್ ಸುಟ್ಟು ಕಪ್ಪಾಗಿತ್ತು.

“ನಾನು ನೋಡಬೇಕೆಂದಿದ್ದ ಮೊದಲ ಹೆಜ್ಜೆ ಇದೇ,” ಎಂದರು ಮೇಡಂ. ಇನ್ನು ಮುಂದೆ ಮೇನ್ ಬಂದ್ ಮಾಡಿ ಬೀಗ ಹಾಕದೆ ಈ ಮಿಲ್ಲಿನಲ್ಲಿ ಬೋರ್ಡು ತೆರೆಯಕೂಡದು, ಇದು ಮ್ಯಾನೇಜರರೇ ತೋರಿಸಿದ ಕ್ರಮ ಎಂದು ಬರೆದು ಸಹಿ ಹಾಕಿಸಿಕೊಂಡರು.

ಮೇಡಂ ಜೀಪು ಗೇಟು ದಾಟಿದ್ದೇ ತಡ, ಪಂಪಾಪತಿ ಆದಪ್ಪನ ಕೊರಳಪಟ್ಟಿ ಹಿಡಿದ. “ನನಗ ರೇನ್‌ಕೋಟ್ ಹಾಕಿ ಬೆಂಕಿ ಮುಂದ ನಿಂದ್ರಿಸಿದ್ಯಲ್ಲಲೇ!”

“ಅಂಥಾ ಕೆಲಸ ನಾ ಯಾರಿಗೂ ಮಾಡಂಗಿಲ್ರೀ,” ಎಂದ ಆದಪ್ಪ. “ಚೀಟಿ ಬಿಚ್ಚಿ ಪೂರಾ ಓದ್ರಿ.”

ಪಂಪಾಪತಿ ಚೀಟಿ ಬಿಚ್ಚಿದ. ಹೆಸರಿನ ಕೆಳಗೆ ನಂಬರು ಐದು ಎಂದಿತ್ತು. ಹಸೀನಾಬೀ ಹೊಲಿದದ್ದು ನಾಲ್ಕು.