ಮೊದಲ ಪ್ರವಚನ

"ದೇವರು ನಮ್ಮ ಮಾತು ಕೇಳ್ತಾನೆ" ಅಂದವನೇ ಮೈಕನ್ನು ಜನರ ಕಡೆ ಚಾಚಿಬಿಟ್ಟ ತಮ್ಮ. ಇಪ್ಪತ್ತು ವರ್ಷ ಪಾಪ್ ಹಾಡು ಹಾಡಿ, ಪಲ್ಲವಿಯನ್ನು ಜನರ ಬಾಯಿಗೇ ಬಿಟ್ಟು ರೂಢಿಯಾದ ಕೈ. ಇದು ಪ್ರವಚನ ಅಂತ ಅದಕ್ಕೇನು ಗೊತ್ತು! ಮುಂದಿನ ಸಾಲಿನಲ್ಲಿದ್ದ ಅಕ್ಕ ಹಣೆ ಚಚ್ಚಿಕೊಂಡಳು. "ಕುಣಿಯೋನು ಉಪದೇಶ ಮಾಡ್ತಾನಂತೆ" ಅಂತ ಆಡಿಕೊಂಡವರ ಮುಂದೆ ಅವನ ಮಾನ ಉಳಿಯಲಿ ಅಂತ ವಾರವಿಡೀ ಬಾಯಿಪಾಠ ಮಾಡಿಸಿದವಳು ಅವಳೇ.

ಅಷ್ಟರಲ್ಲಿ ಅಕ್ಕನ ಪಕ್ಕದ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬಳು ಎದ್ದು ಮೈಕಿಗೆ ಬಾಯಿ ಹಚ್ಚಿದಳು. "ನನ್ನ ಮಾತು ಯಾರೂ ಕೇಳಲ್ಲಪ್ಪ. ಯಜಮಾನ್ರು ಹೋದ್ಮೇಲೆ ಟೀವಿಯವರಿಗೇ ಉತ್ತರ ಕೊಡ್ತಾ ಕೂತಿರ್ತೀನಿ."

ಹಿಂದೆ ಯಾರೋ ಕಿಸಕ್ಕೆಂದರು. ಅಜ್ಜಿ ನಗಲಿಲ್ಲ.

"ಮುಂದಿನ ಸಾಲು ಹೇಳೋ, ಪೆದ್ದ!" ಅಕ್ಕ ಪಿಸುಗುಟ್ಟಿದಳು.

ಅವನು ಪ್ರವಚನದ ಹಾಳೆ ಮಡಚಿ ಜೇಬಿಗೆ ಸೇರಿಸಿದ. ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಮೈಕನ್ನು ಅಜ್ಜಿಯ ಕೈಗೇ ಕೊಟ್ಟ. "ಹೇಳಿ ಅಮ್ಮ, ಯಜಮಾನ್ರ ಹತ್ರ ಏನೇನು ಹೇಳ್ತಿದ್ರಿ?"

"ಅಯ್ಯೋ, ಅವರೆಲ್ಲಿ ಕೇಳ್ತಿದ್ರು! ಹೂಂ ಅಂತಿದ್ರು, ಅಷ್ಟೇ. ಆ ಹೂಂ ಸಾಕಿತ್ತು."

"ಹೂಂ" ಅಂದ ತಮ್ಮ.

ಅಜ್ಜಿ ಶುರುಮಾಡಿದಳು. ಅಕ್ಕ ಮೆಲ್ಲಗೆ ತನ್ನ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡಳು.