ಬೋರ್ಡು ಓದುವ ಕೆಲಸ

ಮೊನ್ನೆ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರು, "ಲೆನ್ಸ್ ಹಾಕ್ತೀರಾ, ಲೇಸರ್ ಮಾಡಿಸ್ತೀರಾ?" ಎಂದು ಕೇಳುತ್ತ ನನ್ನ ಕನ್ನಡಕದ ಡಬ್ಬಿ ಮುಚ್ಚಿದರು. ಆ ಟಪ್ ಸದ್ದಿಗೆ ಕಾಪುವಿನ ಒಂದು ಮಧ್ಯಾಹ್ನ ನೆನಪಾಯಿತು.

ನಾನಾಗ ನಾಲ್ಕನೇ ಕ್ಲಾಸು. ದೂರದಿಂದ ಬಸ್ಸು ಕಂಡರೆ ಸಾಕು, ಅಮ್ಮ "ಬೋರ್ಡು ಓದು" ಎನ್ನುತ್ತಿದ್ದಳು. ನನಗೆ ಓದು ಕಲಿಸಲಿಕ್ಕೆ ಎಂದುಕೊಂಡಿದ್ದೆ. ನನ್ನ ಕಣ್ಣು ಮಂಜಾದ ವರ್ಷ ನಾನು ಅಂದಾಜಿನಲ್ಲಿ ಹೇಳಿ, ಅಮ್ಮ ಬೇರೆ ಬಸ್ಸಿಗೆ ಕೈ ತೋರಿಸಿ, ಎರಡು ಸಲ ಕಂಡಕ್ಟರನಿಂದ ಬೈಸಿಕೊಂಡಿದ್ದೆವು.

ಕೊನೆಗೆ ಟೀಚರು ಹೇಳಿದ್ದಕ್ಕೆ ನನಗೆ ಕನ್ನಡಕ ಬಂತು. ಅದನ್ನು ಹಾಕಿಕೊಂಡು, ಖಾಲಿ ಡಬ್ಬಿ ಟಪ್ ಎಂದು ಮುಚ್ಚಿ ಅಂಗಡಿಯಿಂದ ಹೊರಬಂದು, ಬಿಸಿಲಲ್ಲಿ ಇನ್ನಂಜೆ ಬಸ್ಸಿಗೆ ಕಾಯುತ್ತಿದ್ದಾಗ ಅಮ್ಮ ನನ್ನ ಕನ್ನಡಕ ಕೇಳಿ ತೆಗೆದುಕೊಂಡು ತಾನು ಹಾಕಿಕೊಂಡಳು. ರಸ್ತೆಯಾಚೆ ತುಂಬ ಹೊತ್ತು ನೋಡಿದಳು.

"ತೆಂಗಿನ ಗರಿ ಒಂದೊಂದೇ ಕಾಣ್ತದೆ ಅಲ್ವಾ," ಎಂದಳು.

"ನಿನಗೂ ಒಂದು ಮಾಡಿಸುವ ಅಮ್ಮ."

ಅಮ್ಮ ಸೆರಗಿನಲ್ಲಿ ಗಾಜು ಒರೆಸಿ ಕನ್ನಡಕವನ್ನು ನನ್ನ ಮೂಗಿಗೇರಿಸಿದಳು. "ನನಗೆ ಎಂತಕ್ಕೆ? ಅಡುಗೆಕೋಣೆಯಲ್ಲಿ ದೂರದ್ದು ಎಂತ ಉಂಟು?"

ಅಷ್ಟರಲ್ಲಿ ಹಾರ್ನು ಕೇಳಿತು. ಚೀಲ ಎತ್ತಿಕೊಂಡು ಅಮ್ಮ ನನ್ನ ಹೆಗಲು ಮುಟ್ಟಿದಳು.

"ಬೋರ್ಡು ಓದು."