ಸಾವಿರ ಸಲದ ಅಳತೆ

ಕೈ ಒಳಗೆ ಹೋದರೆ ಸೆನ್ಸರ್ ಗುರುತಿಸಿ ತಗಡು ಒತ್ತುವ ಪ್ರೆಸ್ ಮೆಷಿನ್ನನ್ನು ನಿಲ್ಲಿಸಬೇಕು. ಅಂದು ನಿಲ್ಲಿಸಲಿಲ್ಲ ಎನ್ನುತ್ತಿದ್ದಳು, ಎರಡು ಬೆರಳು ಕಳೆದುಕೊಂಡ ಪುಟ್ಟಲಕ್ಷ್ಮಿ. ಎಲ್ಲಾ ಅವಳ ಅಜಾಗ್ರತೆ ಎನ್ನುತ್ತಿದ್ದರು ಕಾರ್ಖಾನೆಯ ಮ್ಯಾನೇಜರು. ಅವಳಿಗೆ ಪರಿಹಾರ ಸಿಗುವುದು ಬಿಡುವುದು ತಪಾಸಣೆಗೆ ಬಂದ ಸುಕನ್ಯಾಳ ವರದಿಯ ಮೇಲೆ ನಿಂತಿತ್ತು.

ಮೂರು ದಿನದಿಂದ ಸುಕನ್ಯಾ ಅಳೆಯುತ್ತಲೇ ಇದ್ದಳು. ಮರದ ತುಂಡು ಅಡ್ಡ ಹಿಡಿದಾಗ ಸೆನ್ಸರಿನಿಂದ ಒಂದು ವಿದ್ಯುತ್ ಸಂಕೇತ, ಪ್ರೆಸ್ ನಿಂತಾಗ ಇನ್ನೊಂದು. ನಡುವಿನ ಅಂತರವನ್ನು ಅವಳ ಉಪಕರಣ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೂ ತೋರಿಸುತ್ತಿತ್ತು. ಒಂಬೈನೂರು ಸಲವೂ ಸುರಕ್ಷತೆಯ ಮಿತಿಯೊಳಗೇ. ಕಣ್ಣು ಉರಿಯುತ್ತಿತ್ತು, ಸೊಂಟ ಬಿದ್ದುಹೋಗಿತ್ತು.

"ಇನ್ನೆಷ್ಟು ಸಲ ಮೇಡಂ? ಮೆಷಿನ್ನಿಗೂ ಸುಸ್ತಾಗಿರಬೇಕು," ಮ್ಯಾನೇಜರು ನಕ್ಕರು.

"ನನ್ನ ಅಳತೆ ತಪ್ಪಿದ್ರೆ ಅನ್ಯಾಯ ಆಗೋದು ಆಕೆಗೆ ಸಾರ್," ಎಂದು ಮತ್ತೆ ನೂರು ಸಲ ಅಳೆದಳು. ಅದೇ ಉತ್ತರ ಬಂತು. 'ಯಂತ್ರದಲ್ಲಿ ದೋಷವಿಲ್ಲ' ಎಂದು ಬರೆದು ಸಹಿ ಹಾಕಿದಳು. ಮ್ಯಾನೇಜರು ಕಾಗದ ಎತ್ತಿಕೊಂಡು ಹೊರಟೇಬಿಟ್ಟರು.

ಪುಟ್ಟಲಕ್ಷ್ಮಿಯ ಜಾಗಕ್ಕೆ ಬಂದಿದ್ದ ಹೆಂಗಸು ಟೀ ತಂದಿಟ್ಟಳು.

"ಹೆದರಬೇಡಮ್ಮ, ಮೆಷಿನ್ನು ಸರಿಯಾಗೇ ನಿಲ್ಲುತ್ತೆ," ಎಂದಳು ಸುಕನ್ಯಾ.

"ನನಗ್ಯಾಕೆ ಹೆದರಿಕೆ ಮೇಡಂ? ಅವಳ ಬೆರಳು ಹೋದ ಮಾರನೇ ದಿನವೇ ಹೊಸ ಸೆನ್ಸರ್ ಹಾಕಿಸಿದ್ರಲ್ಲ!"